ಚಿನ್ನದ ನಾಡಿನಲ್ಲಿ ಎಣ್ಣೆಯ ಪರೀಕ್ಷೆ

ಬೆಂಗಳೂರಿನಿಂದ ಪೂರ್ವಾಭಿಮುಖವಾಗಿ ಹೊರಟ ರೈಲು ಸುಮಾರು ೭೦ ಕಿಲೋಮೀಟರು ಕ್ರಮಿಸಿದ ಮೇಲೆ ಬಂಗಾರಪೇಟೆಯನ್ನು ಮುಟ್ಟುತ್ತದೆ. ಮೈಸೂರಿನ ಕಮೀಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನಿಂದ ಹಿಂದೆ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಈ ಊರಿನ ನೆಲದಲ್ಲಿ ಬಂಗಾರವೇನೂ ಇಲ್ಲ. ಬಂಗಾರದ ಊರಿಗೆ ಇದು ಹೆಬ್ಬಾಗಿಲು ಮಾತ್ರ. ಇಲ್ಲಿಂದ ಕವಲೊಡೆದ ಹಳಿ ಕೋಲಾರದ ಚಿನ್ನದ ಗಣಿಗಳ ನಡುವೆ ಹಾದು ಮಾರಿಕುಪ್ಪಂನಲ್ಲಿ ಕೊನೆಗೊಳ್ಳುತ್ತದೆ.

೨೦೦೧ನೆಯ ಇಸವಿಯ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದವು. ಅಂದಿನಿಂದ ಈ ಸೀಮೆಯ ಅನೇಕ ಸಂಸಾರಗಳಿಗೆ ಅನ್ನದ ದಾರಿಯೆಂದರೆ ಬೆಂಗಳೂರಿನ ರೈಲು. ನಸುಕಿನಲ್ಲೇ ಎದ್ದು, ಬುತ್ತಿಯ ಡಬ್ಬಿಯನ್ನು ಚೀಲಕ್ಕೆ ಸೇರಿಸಿ, ಮೋಟಾರ್ ಸೈಕಲ್ಲಿನಲ್ಲಿ ನಿಲ್ದಾಣಕ್ಕೆ ಧಾವಿಸುವವರು ಅಸಂಖ್ಯಾತ. ಗಾಡಿ ನಡುದಾರಿಯಲ್ಲಿ ಮುಷ್ಕರ ಹೂಡಿದರೆ ರೈಲು ತಪ್ಪಿತು. ರೈಲು ತಪ್ಪಿದರೆ ದಿನದ ಸಂಬಳ ಹೋಯಿತು. ಆದುದರಿಂದ ಎಂಜಿನ್ನಿನ ಎಣ್ಣೆಯನ್ನು ಪರೀಕ್ಷಿಸುವುದು ಇಲ್ಲಿ ಹವ್ಯಾಸಿಗಳ ಕಾಲಕ್ಷೇಪವಲ್ಲ, ಗೃಹಕೃತ್ಯದ ಲೆಕ್ಕಾಚಾರ.

ಪರೀಕ್ಷೆ ಕಷ್ಟದ್ದಲ್ಲ. ಎಂಜಿನ್ನನ್ನು ಕೆಲವು ನಿಮಿಷ ನಡೆಸಿ ನಿಲ್ಲಿಸಬೇಕು. ಗಾಡಿಯನ್ನು ಸಮನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಎಣ್ಣೆ ಕೆಳಗಿಳಿಯಲು ತುಸು ಹೊತ್ತು ಕೊಡಬೇಕು. ಅನಂತರ ಅಳತೆಯ ಕಡ್ಡಿಯನ್ನು ಒರಸಿ, ಅದ್ದಿ, ಎತ್ತಿ ನೋಡಿದರೆ ಎಣ್ಣೆಯ ಮಟ್ಟ ಎರಡು ಗುರುತುಗಳ ನಡುವೆ ಇರಬೇಕು. ಸೋರಿಕೆಯಿಲ್ಲದೆ ವಾರವಾರವೂ ಮಟ್ಟ ಇಳಿಯುತ್ತಿದ್ದು, ಹಿಂದಿನ ಕೊಳವೆಯಲ್ಲಿ ನೀಲಿ ಹೊಗೆ ಕಂಡರೆ, ಪಿಸ್ಟನ್ನಿನ ಉಂಗುರಗಳೋ ವಾಲ್ವಿನ ಸೀಲುಗಳೋ ಸವೆದಿವೆಯೆಂದು ಶಂಕಿಸಬೇಕು.

ಬಣ್ಣವನ್ನು ನೋಡಿ ಮಾತ್ರ ತೀರ್ಪು ಕೊಡಬಾರದು. ಬಂಗಾರಪೇಟೆಯ ಪಾನಿಪುರಿಯನ್ನು ಸವಿದವರಿಗೆ ಈ ಮಾತು ಬೇಗ ತಿಳಿಯುತ್ತದೆ. ಅದರ ಪಾನಿ ಬಾವಿಯ ನೀರಿನಷ್ಟೇ ತಿಳಿಯಾಗಿರುತ್ತದೆ. ಬಾಯಿಗಿಟ್ಟರೆ ಕಣ್ಣಲ್ಲಿ ನೀರು! ಎಣ್ಣೆಯದು ಇದಕ್ಕೆ ತಿರುಗುಮುರುಗು. ಅದು ಕಪ್ಪಾಗಿದ್ದರೆ ಮಸಿಯನ್ನು ಹೊತ್ತು ತನ್ನ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥವಾಗಬಹುದು. ಹಾಲಿನಂತೆ ಬೆಳ್ಳಗಾದಾಗಲೇ ಎಚ್ಚರ ಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ, ಎಣ್ಣೆಯಲ್ಲಿ ಅದು ನೀರಿನ ಗುರುತು. ಮನೆಯಿಂದ ನಿಲ್ದಾಣದವರೆಗಿನ ಅಲ್ಪ ದೂರದಲ್ಲಿ ಎಂಜಿನ್ನು ಸಾಕಷ್ಟು ಕಾಯುವುದಿಲ್ಲ. ಒಳಗಿನ ತೇವ ಆವಿಯಾಗದೆ ಉಳಿದು, ಚಳಿಗಾಲದಲ್ಲಿ ಇಂಥ ಬಿಳುಪು ಕಾಣುವುದುಂಟು. ಪೆಟ್ರೋಲಿನ ವಾಸನೆ ಬಲವಾಗಿದ್ದರೆ ಎಣ್ಣೆ ತೆಳುವಾಗಿದೆ ಎಂದು ತಿಳಿಯಬೇಕು.

ಸವೆತದ ನಿಜವಾದ ಸಾಕ್ಷಿ ಸಿಗುವುದು ಎಣ್ಣೆ ಬದಲಾಯಿಸುವಾಗ. ರಾಬರ್ಟ್‌ಸನ್‌ಪೇಟೆಯ ಒಂದು ಸಣ್ಣ ದುರಸ್ತಿ ಅಂಗಡಿಯಲ್ಲಿ, ಬಿಸಿಯಿರುವಾಗಲೇ ಎಣ್ಣೆಯನ್ನು ಬಿಳಿಯ ತಟ್ಟೆಗೆ ಇಳಿಸಿ ಬಿಸಿಲಿಗೆ ಹಿಡಿದಿದ್ದರು. ತಳದಲ್ಲಿ ಹಳದಿಯ ಕಣಗಳು ಮಿನುಗುತ್ತಿದ್ದವು.

“ಗಣಿ ಮುಚ್ಚಿದರೂ ನನ್ನ ಗಾಡಿಯಲ್ಲಿ ಚಿನ್ನ ಬಂತಲ್ಲಪ್ಪಾ!” ಎಂದರು ಗಾಡಿಯ ಯಜಮಾನರು, ಒಬ್ಬ ಉಪಾಧ್ಯಾಯರು.

“ಚಿನ್ನ ಅಲ್ಲ ಮೇಷ್ಟ್ರೇ, ಒಳಗೆ ಕಂಚಿನ ಬುಶ್ಶು ಸವೀತಾ ಇದೆ. ಈಗಲೇ ಬಿಚ್ಚಿಸಿದರೆ ಅಗ್ಗ,” ಎಂದ ಮೆಕ್ಯಾನಿಕ್.

ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವೇ ಆತನ ಪ್ರಯೋಗಶಾಲೆ. ಅದಕ್ಕೆ ಅಂಟಿದ್ದು ಕಬ್ಬಿಣ ಅಥವಾ ಉಕ್ಕು: ಗಿಯರಿನ ಹಲ್ಲು, ಕ್ಯಾಮು, ಬೇರಿಂಗು. ಅಂಟದ ಬಿಳಿಯ ಚೂರು ಅಲ್ಯುಮಿನಿಯಂ: ಪಿಸ್ಟನ್ನು ಅಥವಾ ಹೊರಕವಚ. ಅಂಟದ ಹಳದಿ, ಕಂಚು. ಬೆರಳಿಗೆ ತಾಗದಷ್ಟು ನುಣುಪಾದ ಬೂದು ಕೆಸರು ಸಹಜ. ಹೊಸ ಎಂಜಿನ್ನಿನಲ್ಲಿ ಅದು ಸ್ವಲ್ಪ ಹೆಚ್ಚೇ ಇರುತ್ತದೆ. ಉಗುರಿಗೆ ಸಿಗುವ ಚಕ್ಕೆಗಳು ಬಂದರೆ ಮಾತ್ರ ಗಾಡಿಯನ್ನು ಮುಂದೆ ಓಡಿಸಬಾರದು.

೧೯೬೧ರಿಂದ ಮೈಸೂರಿನಲ್ಲಿ ತಯಾರಾದ ಜಾವಾ, ಅದರ ತರುವಾಯ ಬಂದ ಯೆಜ್ದಿ ಗಾಡಿಗಳನ್ನು ಈಗಲೂ ಜೋಪಾನ ಮಾಡಿದವರಿಗೆ ಒಂದು ಮಾತು. ಅವುಗಳ ಎಂಜಿನ್ನಿನ ಎಣ್ಣೆ ಪೆಟ್ರೋಲಿನೊಡನೆ ಬೆರೆತು ಉರಿದುಹೋಗುವುದರಿಂದ, ಅಲ್ಲಿ ಪರೀಕ್ಷೆಗೆ ಸಿಗುವುದು ಗಿಯರ್ ಪೆಟ್ಟಿಗೆಯ ಎಣ್ಣೆ ಮಾತ್ರ.

ಬುಲ್ಡೋಜರಿನಂಥ ಭಾರಿ ಯಂತ್ರಗಳ ಎಣ್ಣೆಯನ್ನಾದರೋ ಪ್ರಯೋಗಾಲಯಕ್ಕೇ ಕಳುಹಿಸುತ್ತಾರೆ. ಅಂಥ ಯಂತ್ರಗಳನ್ನು ತಯಾರಿಸುವ ಬಿ.ಇ.ಎಂ.ಎಲ್. ಕಾರ್ಖಾನೆ ಇರುವುದೂ ಇದೇ ಊರಿನಲ್ಲಿ. ಪ್ರಯೋಗಾಲಯದಲ್ಲಿ ಕಬ್ಬಿಣ ಎಷ್ಟು, ತಾಮ್ರ ಎಷ್ಟು ಎಂದು ಹತ್ತು ಲಕ್ಷದಲ್ಲಿ ಇಷ್ಟು ಭಾಗವೆಂಬ ಲೆಕ್ಕದಲ್ಲಿ ಎಣಿಸುತ್ತಾರೆ. ಟನ್ನಿಗೆ ಒಂದು ಗ್ರಾಂ ಎಂದರೂ ಅದೇ ಅಳತೆ; ಚಿನ್ನದ ಅದಿರನ್ನು ಅಳೆಯುವುದೂ ಅದರಲ್ಲೇ! ಆರಂಭದ ವರ್ಷಗಳಲ್ಲಿ ಇಲ್ಲಿನ ಒಂದು ಟನ್ ಅದಿರು ೪೦ ಗ್ರಾಂಗೂ ಮಿಕ್ಕಿ ಚಿನ್ನ ಕೊಡುತ್ತಿತ್ತು. ಮುಚ್ಚುವ ಹೊತ್ತಿಗೆ ಅದು ಸುಮಾರು ಮೂರು ಗ್ರಾಂಗೆ ಇಳಿದಿತ್ತು. ಗಣಿಯಲ್ಲಿ ಅಂಕಿ ಇಳಿದದ್ದು ಅಂತ್ಯದ ಸೂಚನೆಯಾಯಿತು. ಎಂಜಿನ್ನಿನಲ್ಲಿ ಅಂಕಿ ಏರುವುದೇ ಅಂಥ ಸೂಚನೆ.

ಆ ಪ್ರಯೋಗಾಲಯದ ಪಟ್ಟಿಯಲ್ಲಿ ಸಿಲಿಕಾನ್ ಎಂಬ ಹೆಸರೂ ಇರುತ್ತದೆ. ಅದು ಹೆಚ್ಚಿದರೆ ಹೊರಗಿನ ಧೂಳು ಒಳಹೊಕ್ಕಿದೆಯೆಂದು ಸಾಮಾನ್ಯವಾಗಿ ಅರ್ಥ. ಚಿನ್ನದ ಗಣಿಯ ಊರಿಗೆ ಬಂದವರ ಕಣ್ಣಿಗೆ ಮೊದಲು ಬೀಳುವುದೇ ಆ ಧೂಳಿನ ಗುಡ್ಡಗಳು. ಅದಿರನ್ನು ಹಿಟ್ಟಿನಂತೆ ಅರೆದು, ಸಯನೈಡ್ ದ್ರಾವಣದಿಂದ ಚಿನ್ನವನ್ನು ಸೆಳೆದುಕೊಂಡ ಮೇಲೆ ಉಳಿದ ಪುಡಿ ಮೂರು ಕೋಟಿ ಟನ್ನಿಗೂ ಹೆಚ್ಚು. ಅದರಲ್ಲಿರುವ ಬೆಣಚುಕಲ್ಲಿನ ಕಣ ಕಬ್ಬಿಣಕ್ಕಿಂತ ಗಡಸು. ಗಾಳಿ ಬೀಸಿದಾಗ ಅದು ಹಾರುತ್ತದೆ. ಗಾಳಿಯ ಶೋಧಕ ಹರಿದಿದ್ದರೆ ಸಿಲಿಂಡರಿಗಿಳಿದು ಉಂಗುರಗಳನ್ನು ಉಜ್ಜಿ ತಿನ್ನುತ್ತದೆ. ಎಣ್ಣೆಯನ್ನು ಎಷ್ಟು ಸಲ ಬದಲಾಯಿಸಿದರೂ ಶೋಧಕವನ್ನು ಅಲಕ್ಷಿಸಿದರೆ ಇಲ್ಲಿ ಪ್ರಯೋಜನವಿಲ್ಲ.

ಕಲ್ಲಿನ ಇಂಥದೇ ಧೂಳು ನೆಲದಡಿಯಲ್ಲಿ ದುಡಿದವರ ಶ್ವಾಸಕೋಶವನ್ನು ಹೊಕ್ಕು ಸಿಲಿಕೋಸಿಸ್ ಎಂಬ ರೋಗವನ್ನು ತಂದಿತು. ಎಂಜಿನ್ನಿಗೆ ಹೊಸ ಉಂಗುರ ಹಾಕಿಸಬಹುದು. ಆ ರೋಗಕ್ಕೆ ಗುಣವೆಂಬುದಿಲ್ಲ. ಈ ಊರಿನ ರಸ್ತೆಯಲ್ಲಿ ಗಾಳಿಯ ದಿನಗಳಂದು ಮೂಗಿಗೆ ಬಟ್ಟೆ ಕಟ್ಟಿ ಗಾಡಿ ಓಡಿಸುವವರನ್ನು ಕಂಡು ವಾಚಕರು ನಗಬಾರದು. ಅಂಥ ಪ್ರಯಾಣ ಮುಗಿಸಿ ಮನೆಗೆ ಬಂದವರು ಶೋಧಕವನ್ನು ಒಮ್ಮೆ ಬಿಚ್ಚಿ ನೋಡಲಿ, ಎಣ್ಣೆಯನ್ನು ಬಿಸಿಲಿಗೆ ಹಿಡಿದು ನೋಡಲಿ. ಹಳೆಯ ಎಣ್ಣೆಯನ್ನು ನೆಲಕ್ಕೆ ಚೆಲ್ಲದೆ ಡಬ್ಬಿಯಲ್ಲಿ ತುಂಬಿ ಅಂಗಡಿಗೆ ಒಪ್ಪಿಸಲಿ. ಈ ನೆಲ ಹೊತ್ತಿರುವ ಕಸ ಈಗಾಗಲೇ ಸಾಕಷ್ಟಿದೆ.