ಹಗೇವು, ಗುಂಡಿಮನೆ ಮತ್ತು ನಮ್ಮಜ್ಜಿ

ಇಲ್ಲಿ ಏನಾದರೂ ಬರೆದು ತುಂಬಾ ದಿನಗಳಾದವು. ಪ್ರಾಜೆಕ್ಟ್ ಡೆಡ್‌ಲೈನ್ ಅನ್ನೋ ಹಳೇ ನೆಪ ಇದ್ದೇ ಇದೆ :) ಇವತ್ತು ಬರೆಯೋಕೆ ಹೊರಟಿರೋದು ಗುಂಡಿಗಳ ಬಗ್ಗೆ. ಬೆಂಗಳೂರಿನ ರಸ್ತೆ ಗುಂಡಿಗಳಲ್ಲ, ಗಾಬರಿಯಾಗಬೇಡಿ. ಮನುಷ್ಯರು ಬೇಕು ಅಂತಲೇ ತೋಡಿಕೊಂಡ ಗುಂಡಿಗಳು.

ಇಂಗ್ಲೆಂಡಿನ ಸಫೋಕ್‌ನಲ್ಲಿ ವೆಸ್ಟ್ ಸ್ಟೋ ಅಂತ ಒಂದು ಜಾಗ ಇದೆ. ಅಲ್ಲಿ 5ರಿಂದ 7ನೇ ಶತಮಾನದವರೆಗೆ ಬದುಕಿದ್ದ ಆಂಗ್ಲೋ-ಸ್ಯಾಕ್ಸನ್ ಹಳ್ಳಿಯೊಂದನ್ನು ಸ್ಟ್ಯಾನ್ಲಿ ವೆಸ್ಟ್ ಎಂಬ ಪುರಾತತ್ವಜ್ಞರು 1965ರಿಂದ 1972ರವರೆಗೆ ಅಗೆದರು. ಸಿಕ್ಕಿದ್ದು ಸುಮಾರು 70 ಗುಂಡಿಮನೆಗಳು. ಮೂರ್ನಾಲ್ಕು ಮೀಟರ್ ಉದ್ದ, ಮೊಣಕಾಲಷ್ಟು ಆಳದ ಗುಂಡಿ, ಎರಡೂ ತುದಿಗೆ ಕಂಬ ನೆಟ್ಟ ಕುಳಿ. ಅಷ್ಟೇ. ಗೋಡೆ, ಮಾಡು ಎಲ್ಲ ಕೊಳೆತು ಮಣ್ಣಾಗಿ ಹೋಗಿವೆ. ಜರ್ಮನ್ನರು ಇಂಥವನ್ನು ಗ್ರೂಬೆನ್‌ಹೌಸ್ ಅಂತಾರೆ.

ನನಗೆ ಮಜಾ ಅನ್ನಿಸಿದ್ದು ಇದರ ಹಿಂದಿನ ಜಗಳ. 1920ರ ದಶಕದಲ್ಲಿ ಸಟನ್ ಕೋರ್ಟ್ನಿ ಎಂಬ ಊರಲ್ಲಿ ಇಂಥ ಗುಂಡಿಗಳನ್ನು ಅಗೆದ ಇ. ಟಿ. ಲೀಡ್ಸ್, ಒಳಗಿದ್ದ ಮೂಳೆ, ಮಡಕೆ ಚೂರು, ಕಸ ನೋಡಿ, ಆ ಜನ ಹೊಲಸಿನ ನಡುವೆಯೇ ಬದುಕುತ್ತಿದ್ದರು ಅಂದುಕೊಂಡರು. ಸ್ಟ್ಯಾನ್ಲಿ ವೆಸ್ಟ್ ಒಪ್ಪಲಿಲ್ಲ. ಗುಂಡಿಯ ಮೇಲೆ ಹಲಗೆ ಹಾಸಿ ನೆಲ ಮಾಡಿರಬೇಕು, ಗುಂಡಿ ಇದ್ದದ್ದು ಆ ಹಲಗೆಯ ಕೆಳಗೆ ಅಂದರು. 2004ರಲ್ಲಿ ಜೆಸ್ ಟಿಪ್ಪರ್ ಒಂದು ಪುಸ್ತಕವನ್ನೇ ಬರೆದು, ಗುಂಡಿಯಲ್ಲಿ ಸಿಗುವ ಬಹುಪಾಲು ಸಾಮಾನು ಮನೆ ಬಿಟ್ಟುಹೋದ ಮೇಲೆ ಬಂದು ಬಿದ್ದದ್ದು ಅಂತ ವಾದಿಸಿದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಯಾರದೋ ಕಂಪ್ಯೂಟರಿನ ರೀಸೈಕಲ್ ಬಿನ್ ತೆಗೆದು ನೋಡಿ, ಈ ಮನುಷ್ಯ ಇಷ್ಟೇ ಕೆಲಸ ಮಾಡಿದ್ದು ಅಂದ ಹಾಗೆ!

ಇದನ್ನೆಲ್ಲ ಓದುವಾಗ ನನ್ನ ತಲೆಯಲ್ಲಿ ಇದ್ದದ್ದು ನಮ್ಮೂರು ರಟ್ಟೀಹಳ್ಳಿ. ಕುಮುದ್ವತಿ ನದಿ, ಕದಂಬೇಶ್ವರ ಗುಡಿ ಅಂದರೆ ಕೆಲವರಿಗಾದರೂ ಗೊತ್ತಾಗಬಹುದು. ಗುಡಿ ನೋಡೋಕೆ ಬರುವವರು ಕಲ್ಯಾಣ ಚಾಲುಕ್ಯರ ಕಾಲದ ಕಲ್ಲಿನ ಕೆತ್ತನೆ ನೋಡಿ ಹೋಗುತ್ತಾರೆ. ಆ ಗುಡಿಗೆ ದೀಪ ಹಚ್ಚಿದ ಜನ ಎಂಥ ಮನೆಯಲ್ಲಿ ಮಲಗುತ್ತಿದ್ದರು ಅಂತ ಕೇಳಿದರೆ ತೋರಿಸೋಕೆ ಏನೂ ಇಲ್ಲ. ಕಲ್ಲು ದೇವರಿಗೆ, ಮಣ್ಣು ಮನುಷ್ಯನಿಗೆ. ಮಣ್ಣು ಮಣ್ಣಿಗೇ ಸೇರಿತು.

ಆದರೆ ಅದಕ್ಕಿಂತ ಎಷ್ಟೋ ಹಳೆಯ ಮನೆಗಳು ನಮ್ಮ ಹಾವೇರಿ ಜಿಲ್ಲೆಯಲ್ಲೇ ಸಿಕ್ಕಿವೆ! ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾಯರು 1965ರಲ್ಲಿ ಅಗೆದಾಗ ನವಶಿಲಾಯುಗದ ದುಂಡು ಗುಡಿಸಲುಗಳ ನೆಲ ಸಿಕ್ಕಿತು. ಕಲ್ಲಿನ ಚಕ್ಕೆ ಬಡಿದು ಗಟ್ಟಿ ಮಾಡಿ, ಮೇಲೆ ಹೊಳೆಯ ಮರಳು ಹಾಸಿ, ಸುಣ್ಣ ಬಳಿದ ನೆಲ. ಬಿದಿರಿನ ಗಳಕ್ಕೆ ಮಣ್ಣು ಮೆತ್ತಿದ ಗೋಡೆ. ಒಂದು ಮನೆಯಲ್ಲಿ ಮೂರು ಕಲ್ಲಿನ ಒಲೆ, ಅದರ ಬೂದಿ ಸಮೇತ. ಜಾತ್ರೆಗೆ ಹೋದಾಗ ನಾವು ಈಗಲೂ ಹೂಡುವುದು ಅದೇ ಒಲೆಯನ್ನು.

ನಮ್ಮವರು ನೆಲದೊಳಗೆ ಇಟ್ಟದ್ದು ತಮ್ಮನ್ನಲ್ಲ, ಜೋಳವನ್ನು. ಅದೇ ಹಗೇವು. ದಕ್ಷಿಣದ ಗೆಳೆಯರಿಗಾಗಿ ಸ್ವಲ್ಪ ವಿವರ: ಮನೆಯ ಮುಂದೆಯೋ ಒಳಗೋ ಬಾಯಿ ಸಣ್ಣದಾಗಿ, ಹೊಟ್ಟೆ ದೊಡ್ಡದಾಗಿ, ಹೂಜಿಯ ಹಾಗೆ ತೋಡಿದ ಕುಣಿ. ಸುತ್ತ ಒಣಹುಲ್ಲು ಒತ್ತಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿಬಿಡುವುದು. ಒಳಗಿನ ಕಾಳೂ ಹುಳುವೂ ಉಸಿರಾಡುತ್ತಾ ಆಮ್ಲಜನಕ ಖಾಲಿ ಮಾಡುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಔಷಧಿ ಇಲ್ಲ, ಕರೆಂಟ್ ಇಲ್ಲ.

ಹೂಜಿಯಾಕಾರ ಅಂದೆನಲ್ಲ, ಕಾಶ್ಮೀರದ ಬುರ್ಜಹೋಮ್‌ನಲ್ಲಿ ಸಿಕ್ಕ ನವಶಿಲಾಯುಗದ ಗುಂಡಿಗಳದ್ದೂ ಅದೇ ಆಕಾರ. ಅತಿ ದೊಡ್ಡದರ ಬಾಯಿ 2.74 ಮೀಟರ್, ತಳ 4.57 ಮೀಟರ್, ಆಳ 3.95 ಮೀಟರ್. ಶಾಲೆಯ ಪುಸ್ತಕಗಳಲ್ಲಿ ಅವು ಚಳಿಗೆ ಹೆದರಿ ಜನ ವಾಸಿಸಿದ ಗುಂಡಿಮನೆಗಳು. 1997ರಲ್ಲಿ ಕನ್ನಿಂಗ್‌ಹ್ಯಾಮ್ ಮತ್ತು ಸದರ್ಲ್ಯಾಂಡ್ ಎಂಬ ಇಬ್ಬರು, ಇವು ಮನೆಗಳೋ ಕಣಜಗಳೋ ಅಂತ ಪ್ರಶ್ನೆ ಎತ್ತಿದರು. ಮೆಟ್ಟಿಲು, ಬೂದಿ ಸಿಕ್ಕಿವೆಯಲ್ಲ ಅನ್ನುವವರ ವಾದವೂ ಗಟ್ಟಿಯಾಗಿಯೇ ಇದೆ. ಆದರೂ ನಮ್ಮೂರಿನ ಒಬ್ಬ ರೈತನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರೆ ಅವನ ಮೊದಲ ಪ್ರಶ್ನೆ "ಎಷ್ಟು ಚೀಲ ಹಿಡೀತದ?" ಅಂತಲೇ ಇರುತ್ತಿತ್ತು. ಎರಡು ಸಾವಿರ ವರ್ಷದ ಹಿಂದೆ ರೋಮಿನ ಟ್ಯಾಸಿಟಸ್ ಕೂಡ ಜರ್ಮನಿಯ ಜನ ನೆಲ ತೋಡಿ ಮೇಲೆ ಸಗಣಿ ಪೇರಿಸಿ, ಚಳಿಗಾಲಕ್ಕೂ ಕಾಳಿಗೂ ಒಂದೇ ಗುಂಡಿ ಬಳಸುತ್ತಾರೆ ಅಂತ ಬರೆದಿದ್ದಾನೆ. ಅವರು ನೆಲದಡಿಯಲ್ಲಿ ಕೂತು ನೇಯುತ್ತಾರೆ ಅಂತ ಪ್ಲಿನಿ ಬರೆದ. ಕುಣಿಯೊಳಗೆ ಕಾಲು ಬಿಟ್ಟು ಕೂತು ನೇಯುವ ಮಗ್ಗ ನೋಡಿದ ನಮ್ಮ ಕಡೆಯವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಈಗ ಮನೆಯ ವಿಷಯ. ನಮ್ಮ ಅಂಗಳದಲ್ಲೂ ಒಂದು ಹಗೇವು ಇದೆ. ಹಳೇ ಮನೆ ಕೆಡವಿ ಆರ್‌ಸಿಸಿ ಕಟ್ಟಿಸೋದು ಅಂತ ದೊಡ್ಡಪ್ಪ, ಅಪ್ಪ ತೀರ್ಮಾನ ಮಾಡಿದ್ದಾರೆ. ಕೆಡವಿದ ಇಟ್ಟಿಗೆ, ಹಂಚಿನ ಚೂರು ಎಲ್ಲ ಅದರೊಳಗೇ ಸುರಿದುಬಿಡೋಣ ಅಂದ ಮೇಸ್ತ್ರಿ. ನಾನು ಫೋನಿನಲ್ಲೇ ಜಗಳ ತೆಗೆದೆ. ಉಳಿಸಿಕೊಳ್ಳೋಣ, ಮೇಲೆ ಗಾಜು ಹಾಕಿಸೋಣ, ಮಕ್ಕಳು ನೋಡಲಿ ಅಂದೆ. ಅಜ್ಜಿಯಾದರೂ ನನ್ನ ಕಡೆ ಮಾತಾಡ್ತಾಳೆ ಅಂದುಕೊಂಡಿದ್ದೆ. ಅಜ್ಜಿ ಫೋನ್ ತಗೊಂಡು ಹೇಳಿದ್ದು ಇಷ್ಟು: "ಮುಚ್ಚಲಿ ಬಿಡಪಾ ತಮ್ಮಾ. ಅದು ಜ್ವಾಳಾನೂ ಕೊಟ್ಟೈತಿ, ಜೀವಾನೂ ತಗೊಂಡೈತಿ."

ಹುಳುವನ್ನು ಕೊಲ್ಲುವ ಆ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ. ಅದು ಮಾಮೂಲಿ ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ. ಅದಕ್ಕೇ ಬಾಯಿ ತೆಗೆದ ಮೇಲೆ ಹೊತ್ತು ಬಿಟ್ಟು, ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ಅಜ್ಜಿಯ ತಮ್ಮ ಒಮ್ಮೆ ಕಾಯದೇ ಇಳಿದರಂತೆ. ಹದಿನಾರು ವರ್ಷದ ಹುಡುಗ. ಈ ವಿಷಯ ನಮ್ಮಪ್ಪನಿಗೂ ಸರಿಯಾಗಿ ಗೊತ್ತಿರಲಿಲ್ಲ. ಇಷ್ಟು ವರ್ಷ ಅಜ್ಜಿ ಆ ಚಪ್ಪಡಿ ದಾಟಿಯೇ ಬಚ್ಚಲಿಗೆ ಹೋಗಿ ಬಂದಿದ್ದಾಳೆ.

ಗಾಜಿನ ಮಾತು ನಾನು ಮತ್ತೆ ಎತ್ತಲಿಲ್ಲ. ಊರಿಗೆ ಹೋಗಿ, ಎರಡು ದಿನ ಬಾಯಿ ತೆರೆದಿಟ್ಟು, ಒಳಗೆ ಯಾರೂ ಇಳಿಯದೆ, ಕೋಲಿಗೆ ಟೇಪ್ ಕಟ್ಟಿ ಮೇಲಿನಿಂದಲೇ ಅಳತೆ ತಗೊಂಡೆವು. ಬಾಯಿ ಎರಡು ಅಡಿ, ಆಳ ಒಂಬತ್ತು ಅಡಿ, ಹೊಟ್ಟೆ ಏಳು ಅಡಿ. ನಲವತ್ತು ಚೀಲ ಹಿಡೀತಿತ್ತು ಅಂದಳು ಅಜ್ಜಿ. ಹುಲ್ಲು ಒತ್ತುವ ರೀತಿ, ಚಪ್ಪಡಿಯ ಸಂದಿಗೆ ಮೆತ್ತುವ ಮಣ್ಣು, ಯಾವ ತಿಂಗಳು ತುಂಬಬೇಕು, ಎಲ್ಲ ಅವಳ ದನಿಯಲ್ಲೇ ಮೊಬೈಲಿನಲ್ಲಿದೆ. ಅವಳ ತಮ್ಮನ ಹೆಸರೂ.

ದೊಡ್ಡಪ್ಪನನ್ನು ನಾನು ಕೇಳಿಕೊಂಡದ್ದು ಒಂದೇ. ಕಸ ಹಾಕಬೇಡಿ, ಬರೀ ಗೊರಸು ಮಣ್ಣು ತುಂಬಿಸಿ. ಎರಡು ಟ್ರ್ಯಾಕ್ಟರ್ ಖರ್ಚು ನನ್ನದು. "ಕುಣಿ ಮುಚ್ಚಾಕ ರೊಕ್ಕ ಕೊಡ್ತಾನ, ಇಂಜಿನಿಯರು!" ಅಂತ ಓಣಿಯೆಲ್ಲ ನಕ್ಕಿತು :) ನಗಲಿ. ಯಾವತ್ತೋ ಯಾರೋ ಅಗೆದಾಗ, ಹಂಚು, ಪ್ಲಾಸ್ಟಿಕ್ ನೋಡಿ ಈ ಮನೆಯವರು ಕಸದಲ್ಲಿ ಬದುಕಿದ್ದರು ಅಂತ ಬರೆಯೋದು ಬೇಡ.

ನಿಮ್ಮ ಮನೆಗಳಲ್ಲಿ ಹಗೇವು ಇತ್ತಾ? ನಿಮ್ಮ ಕಡೆ ಏನಂತ ಕರೀತಾರೆ? ಹಿರಿಯರು ಇರುವಾಗಲೇ ಕೇಳಿ, ಇಲ್ಲಿ ಕಾಮೆಂಟಿನಲ್ಲಿ ಬರೆಯಿರಿ. ಹಳೇ ಹಗೇವು ಕಂಡರೆ ದಯವಿಟ್ಟು ಒಳಗೆ ಮಾತ್ರ ಇಳಿಯಬೇಡಿ.