ಅಜ್ಜಿಯ ಹಿಟ್ಟಿಗೊಂದು ಬೆಚ್ಚನೆಯ ಪೆಟ್ಟಿಗೆ

ಮಡಿಕೇರಿಯ ಚಳಿಯಲ್ಲಿ ಅಜ್ಜಿಯ ದೋಸೆಹಿಟ್ಟು ಉಬ್ಬುವುದಿಲ್ಲವೆಂದು ಅದಕ್ಕೊಂದು ಬೆಚ್ಚನೆಯ ಪೆಟ್ಟಿಗೆ ಮಾಡಿಕೊಡುವ ಹುಮ್ಮಸ್ಸು, ಪಿಯುಸಿ ಓದುವ ನನ್ನ ಮಗಳಿಗೆ. ಅವಳು ಬರೆದುಕೊಂಡ ಸಾಮಾನಿನ ಪಟ್ಟಿ ನೋಡಿ ನಾನು ದಂಗಾದೆ. ಪಿ.ಐ.ಡಿ. ಕಂಟ್ರೋಲರು, 40 ಆಂಪಿಯರಿನ ಸಾಲಿಡ್ ಸ್ಟೇಟ್ ರಿಲೇ, ಅದರ ಬಿಸಿ ಹೀರಲು ಅಲ್ಯೂಮಿನಿಯಂ ಹೀಟ್‌ಸಿಂಕು! ವಿಚಾರಿಸಿದರೆ, ಅದು ಅಮೆರಿಕದಲ್ಲಿ ಮನೆಯಲ್ಲೇ ಬಿಯರು ತಯಾರಿಸುವವರ ಪಟ್ಟಿಯಂತೆ. (ಅಜ್ಜಿಗೆ ಇದನ್ನು ಹೇಳಲಿಲ್ಲ.)

ಅವರದು 240 ವೋಲ್ಟಿನಲ್ಲಿ 5500 ವ್ಯಾಟಿನ ಹೀಟರು. ಭಾಗಿಸಿ ನೋಡಿ, ಸುಮಾರು 23 ಆಂಪಿಯರ್. ನಮ್ಮದು ಹಳೆಯ ಕಾಲದ, ತಂತಿ ಕಾದು ಉರಿಯುವ 40 ವ್ಯಾಟಿನ ಬಲ್ಬು. 230ರಿಂದ ಭಾಗಿಸಿದರೆ 0.17 ಆಂಪಿಯರ್. ಇದಕ್ಕೆ ಸಾಧಾರಣ ರಿಲೇ ಇರುವ ಕಂಟ್ರೋಲರು ಧಾರಾಳವಾಯಿತು. 29 ಡಿಗ್ರಿಗೆ ಹೊತ್ತಿ 31ಕ್ಕೆ ಆರಿದರೆ ಉದ್ದಿನಹಿಟ್ಟೇನೂ ತಕರಾರು ಮಾಡದು.

ನನ್ನ ಚಿಂತೆ ಬೇರೆಯಿತ್ತು. ಬಲ್ಬು ಉರಿಯುವುದು ರಾತ್ರಿ, ಮನೆಯಲ್ಲಿ ಒಬ್ಬರೇ ಇರುವ ಅಮ್ಮ ಮಲಗಿದ ಮೇಲೆ. ಪೆಟ್ಟಿಗೆಯೋ ಥರ್ಮೋಕೋಲಿನದು. ರಿಲೇಯ ತುದಿಗಳು ಬೆಸೆದುಕೊಂಡರೆ ಬಲ್ಬು ಆರುವುದೇ ಇಲ್ಲ. ಸೆನ್ಸರಿನದು ಇನ್ನೂ ಸೋಜಿಗ. ಎನ್.ಟಿ.ಸಿ. ಸೆನ್ಸರು ತಣಿದಷ್ಟೂ ಅದರ ವಿದ್ಯುತ್ ರೋಧ ಏರುತ್ತದೆ. ಇಲಿ ಕಡಿದು ತಂತಿ ತುಂಡಾಯಿತೆನ್ನಿ, ರೋಧಕ್ಕೆ ಮಿತಿಯೇ ಇಲ್ಲ. ಅದನ್ನು ಗುರುತಿಸುವ ಏರ್ಪಾಡಿಲ್ಲದ ಕಂಟ್ರೋಲರು "ಅಯ್ಯೋ, ಎಂಥ ಚಳಿ!" ಎಂದು ಬಲ್ಬನ್ನು ಉರಿಸುತ್ತಲೇ ಇರುತ್ತದೆ.

ಹಾಗಾಗಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ನಾವು ಮೊದಲು ಕೇಳಿದ್ದು ಥರ್ಮಲ್ ಫ್ಯೂಸು. ಬೆರಳಿನ ಒಂದು ಗೆಣ್ಣಿನಷ್ಟೂ ಇಲ್ಲದ ವಸ್ತು. 72 ಡಿಗ್ರಿ ದಾಟಿದರೆ ಕಂಟ್ರೋಲರಿನ ಅಪ್ಪಣೆ ಕೇಳದೆ ಕರೆಂಟು ಕಡಿಯುತ್ತದೆ. ಮತ್ತೆ ಕೂಡುವುದಿಲ್ಲ, ಹೊಸದನ್ನೇ ಹಾಕಬೇಕು. "ಬೆಸುಗೆ ಹಾಕಬೇಡಮ್ಮ, ಆ ಬಿಸಿಗೇ ಹೋಗಿಬಿಡುತ್ತೆ, ಸ್ಕ್ರೂ ಕನೆಕ್ಟರ್ ಹಾಕು" ಎಂದು ಅಂಗಡಿಯವರು ಮಗಳಿಗೆ ಹೇಳಿದರು. ಯಾವ ಪಠ್ಯಪುಸ್ತಕದಲ್ಲಿದೆ ಇದು?

ಬಲ್ಬಿಗೆ ತೂತು ಕೊರೆದ ತಗಡಿನ ಡಬ್ಬಿಯ ಮರೆ, ಆ ಡಬ್ಬಿಗೆ ಅರ್ತಿಂಗು, ಅದರ ನೇರ ಮೇಲೆ, ಮುಚ್ಚಳದಡಿ, ಫ್ಯೂಸು. ಸೆನ್ಸರನ್ನು ಹಿಟ್ಟಿನ ಪಾತ್ರೆಗೇ ಅಂಟಿಸಿದಳು. ಬಲ್ಬಿನ ಪಕ್ಕದಲ್ಲಿಟ್ಟರೆ ಅದು ಬಲ್ಬಿನ ಬಿಸಿಯನ್ನಷ್ಟೇ ಅಳೆಯುತ್ತದೆ. 230 ವೋಲ್ಟಿನ ಜೋಡಣೆಯನ್ನು ಮಾತ್ರ ಪರಿಚಯದ ಎಲೆಕ್ಟ್ರೀಷಿಯನ್ನರಿಂದಲೇ ಮಾಡಿಸಿದೆ. ಮಗಳು ಮುಖ ದಪ್ಪ ಮಾಡಿಕೊಂಡಳು. ಮಾಡಿಕೊಳ್ಳಲಿ.

ಎರಡು ದಿನ ಹಿಟ್ಟಿನ ಬದಲು ನೀರಿಟ್ಟು, ಗಂಟೆಗೊಮ್ಮೆ ಥರ್ಮಾಮೀಟರು ನೋಡಿ ಬರೆದುಕೊಂಡ ಮೇಲೆಯೇ ಪೆಟ್ಟಿಗೆ ಮಡಿಕೇರಿಗೆ ಹೋಯಿತು. ಅಮ್ಮ ಸುತ್ತೆಲ್ಲ ನೋಡಿ ಕೇಳಿದ್ದು ಒಂದೇ: "ಕರೆಂಟು ಹೋದರೆ?"

"ನಿಮ್ಮ ಕಂಬಳಿ ಹೊದಿಸಿ ಅಜ್ಜಿ," ಎಂದಳು ಮಗಳು.