ಈಥ್0 ಯಾವ ಕಾರ್ಡು?

1990ರ ದಶಕದ ಲಿನಕ್ಸ್ ಸರ್ವರ್‌ಗಳಲ್ಲಿ ಯಾವ ನೆಟ್‌ವರ್ಕ್ ಕಾರ್ಡಿಗೆ ಯಾವ ಡ್ರೈವರ್ ಎಂಬುದನ್ನು ಅಡ್ಮಿನ್ ತಾನೇ ಬರೆದಿಡಬೇಕಿತ್ತು. ಐಎಸ್‌ಎ ಸ್ಲಾಟಿನ ಎನ್‌ಇ2000 ಕಾರ್ಡಾದರೆ ಜಂಪರ್ ನೋಡಿ, ಅದರ ವಿಳಾಸ 0ಎಕ್ಸ್300 ಎಂದು ಡ್ರೈವರ್ ಮಾಡ್ಯೂಲಿಗೆ ತಿಳಿಸಬೇಕಿತ್ತು. ಕರ್ನಲ್ ತಾನೇ ಹುಡುಕಲು ಹೊರಟರೆ ಪಕ್ಕದ ಕಾರ್ಡನ್ನು ಕೆದಕಿ ಇಡೀ ಯಂತ್ರವೇ ಹ್ಯಾಂಗ್ ಆಗುವ ಅಪಾಯವಿತ್ತು. ಮುಂದೆ ಪಿಸಿಐ ಕಾರ್ಡುಗಳು ಬಂದ ಮೇಲೂ ಮಾಡ್ಯೂಲ್ಸ್.ಕಾನ್ಫ್ ಫೈಲಿನಲ್ಲಿ ಕಾರ್ಡಿನ ಹೆಸರಿಗೆ ಡ್ರೈವರನ್ನು ಜೋಡಿಸುವ 'ಅಲಿಯಾಸ್ ಈಥ್0 ಇ100' ಎಂಬಂಥ ಸಾಲು ಉಳಿಯಿತು. ಫೈರ್‌ವಾಲ್ ಯಂತ್ರದಲ್ಲಿ ಹೊರಗಿನ ಕೇಬಲ್ ಯಾವುದಕ್ಕೆ, ಒಳಗಿನದು ಯಾವುದಕ್ಕೆ ಎಂಬುದು ಆ ಫೈಲ್ ತೆರೆದವರಿಗೆಲ್ಲ ತಿಳಿಯುತ್ತಿತ್ತು. ಅದರ ನಿಜವಾದ ಬೆಲೆ ಇದ್ದದ್ದು ಅಲ್ಲಿಯೇ.

ಪಿಸಿಐ ಕಾರ್ಡು ತನ್ನ ತಯಾರಕರ ಸಂಖ್ಯೆಯನ್ನೂ ಮಾದರಿಯ ಸಂಖ್ಯೆಯನ್ನೂ ತಾನೇ ಹೇಳುತ್ತದೆ, ಇಂಟೆಲ್‌ನದು 8086. ಯಾವ ಸಂಖ್ಯೆಗಳು ತನಗೆ ಸೇರಿದವು ಎಂದು ಪ್ರತಿ ಡ್ರೈವರೂ ಸಾರುತ್ತದೆ, ಡೆಪ್‌ಮಾಡ್ ಎಂಬ ಸಾಧನ ಅವನ್ನೆಲ್ಲ ಒಂದು ಪಟ್ಟಿಗೆ ಸೇರಿಸುತ್ತದೆ. 2001ರ 2.4 ಕರ್ನಲ್‌ನ ಹಾಟ್‌ಪ್ಲಗ್, 2003ರಲ್ಲಿ ಬಂದ ಯೂಡೆವ್, ಇವೆರಡೂ ಈ ಪಟ್ಟಿಯ ಬಲದಿಂದಲೇ ಸ್ವಯಂಚಾಲಿತ ಲೋಡಿಂಗನ್ನು ರೂಢಿಗೆ ತಂದವು. ಲ್ಯಾಪ್‌ಟಾಪ್ ಬಳಸುವವರಿಗೆ ಇದೊಂದು ವರವೇ ಆಯಿತು.

ಸರ್ವರ್‌ಗಳಲ್ಲಿ ಮಾತ್ರ ಹೊಸ ತಲೆನೋವು ಶುರುವಾಯಿತು. ಯಾವ ಡ್ರೈವರ್ ಮೊದಲು ಲೋಡ್ ಆಗುತ್ತದೋ ಅದರ ಕಾರ್ಡಿಗೆ ಈಥ್0 ಎಂಬ ಹೆಸರು. ರೀಬೂಟ್ ಆದ ಮೇಲೆ ಎರಡೂ ಕಾರ್ಡುಗಳ ದೀಪ ಉರಿಯುತ್ತಿದ್ದರೂ ಪಿಂಗ್ ಹೋಗುತ್ತಿರಲಿಲ್ಲ, ಏಕೆಂದರೆ ಹೆಸರುಗಳು ಅದಲುಬದಲಾಗಿರುತ್ತಿದ್ದವು. ಮ್ಯಾಕ್ ವಿಳಾಸಕ್ಕೆ ಹೆಸರು ಕಟ್ಟುವ ಯೂಡೆವ್ ನಿಯಮ ಇದನ್ನು ತಡೆಯಿತು. ಆದರೆ ಕೆಟ್ಟ ಕಾರ್ಡನ್ನು ಬದಲಿಸಿದರೆ ಹೊಸದು ಈಥ್1 ಆಗಿ ಎದ್ದು, ಈಥ್0ಗೆಂದು ಬರೆದ ಐಪಿ ವಿಳಾಸ ಯಾರಿಗೂ ಸೇರದೆ ಉಳಿಯುತ್ತಿತ್ತು. 2013ರಲ್ಲಿ ಸಿಸ್ಟಮ್‌ಡಿ ಸ್ಲಾಟಿನ ಜಾಗ ನೋಡಿ ಹೆಸರಿಡತೊಡಗಿತು. ತಪ್ಪು ಇದ್ದದ್ದು ಸ್ವಯಂಚಾಲಿತ ಲೋಡಿಂಗಿನಲ್ಲಲ್ಲ, ಲೋಡ್ ಆಗುವ ಸರದಿಗೆ ಹೆಸರನ್ನು ಗಂಟುಹಾಕಿದ್ದರಲ್ಲಿ.

ಬೇಡದ ಡ್ರೈವರನ್ನು ತಡೆಯುವ ಅಧಿಕಾರದ ಮಾತು ಬೇರೆ. ಇಂಟೆಲ್‌ನ ಒಂದೇ ಕಾರ್ಡಿಗೆ ಇ100, ಈಪ್ರೊ100 ಎರಡೂ ಹಕ್ಕು ಸಾಧಿಸುತ್ತಿದ್ದುದರಿಂದ ಒಂದನ್ನು ಬ್ಲ್ಯಾಕ್‌ಲಿಸ್ಟ್ ಮಾಡುವುದು ವಾಡಿಕೆಯಾಗಿತ್ತು. ಬ್ಲ್ಯಾಕ್‌ಲಿಸ್ಟ್ ತಡೆಯುವುದು ಸಂಖ್ಯೆ ನೋಡಿ ತಾನಾಗಿ ಬರುವ ಡ್ರೈವರನ್ನು ಮಾತ್ರ. ಹೆಸರು ಹಿಡಿದು ಕರೆದರೆ ಅದು ಬಂದೇ ಬರುತ್ತದೆ. ಬೂಟ್‌ನ ಆರಂಭದಲ್ಲಿ ಬಳಕೆಯಾಗುವ ಇನಿಟ್‌ರಾಮ್‌ಎಫ್‌ಎಸ್ ಅನ್ನು ಹೊಸದಾಗಿ ಕಟ್ಟದಿದ್ದರೆ ಅದರೊಳಗಿನ ಹಳೆಯ ಪ್ರತಿ, ಡಿಸ್ಕ್ ಮೌಂಟ್ ಆಗುವ ಮೊದಲೇ ಅದೇ ಡ್ರೈವರನ್ನು ಎಬ್ಬಿಸಿಬಿಡುತ್ತದೆ. 2009ರಲ್ಲಿ ಕರ್ನಲ್‌ಗೆ 'ಮಾಡ್ಯೂಲ್ಸ್ ಡಿಸೇಬಲ್ಡ್' ಎಂಬ ಸ್ವಿಚ್ ಸೇರಿತು. ಅದಕ್ಕೆ 1 ಎಂದು ಬರೆದರೆ ರೀಬೂಟ್ ಆಗುವವರೆಗೆ ಯಾವ ಮಾಡ್ಯೂಲೂ ಒಳಬರುವುದಿಲ್ಲ, ರೂಟ್ ಬಳಕೆದಾರನೂ ಅದನ್ನು ಹಿಂದೆಗೆಯುವಂತಿಲ್ಲ. ಹಾಗಾಗಿ ಬೇಕಾದ ಕಾರ್ಡುಗಳ ಡ್ರೈವರ್‌ಗಳೆಲ್ಲ ಲೋಡ್ ಆದ ಮೇಲೆಯೇ ಅದನ್ನು ಹಾಕಬೇಕು.